ಉದುರುವ ಕೂದಲಿಗೆ ಸುರಿದ 17,849 ರೂಪಾಯಿ

ಕೂದಲು ಉದುರುತ್ತಿದೆಯೆಂದು ಹೆದರಿ ದುಬಾರಿ ಶಾಂಪೂ, ಸೀರಂ, ಸ್ಟ್ರೈಟ್ನರ್ ಕೊಳ್ಳಲು ಹೊರಟವರು, ಅದರಲ್ಲೂ ಈಚೆಗೆ ಡೆಂಗಿ ಜ್ವರದಿಂದ ಎದ್ದವರು, ಮೊದಲು ಇದನ್ನು ಓದಿ. ನನಗೆ ಬುದ್ಧಿ ಹೇಳಲು ಅಮ್ಮ ಇದ್ದರು. ನಾನೇ ಕೇಳಲಿಲ್ಲ.

ನಮ್ಮದು ಕೋಲಾರ. ಕಳೆದ ಆಗಸ್ಟ್‌ನಲ್ಲಿ ನನಗೆ ಡೆಂಗಿ ಬಂತು. ಒಂಬತ್ತು ದಿನ ಮಲಗಿ ಎದ್ದು ಕೆಲಸಕ್ಕೆ ಹೋದೆ, ಅದನ್ನು ಮರೆತೂ ಬಿಟ್ಟೆ. ದೀಪಾವಳಿಯ ಎಣ್ಣೆಸ್ನಾನದ ದಿನ ಬಚ್ಚಲ ಜಾಲರಿಗೆ ಅಡ್ಡ ನಿಂತ ಕೂದಲು ನೋಡಿ ಎದೆ ಧಸಕ್ಕೆಂದಿತು. ಬಾಚಿದರೆ ಹಿಡಿ ತುಂಬ ಬರುತ್ತಿತ್ತು. ಫೆಬ್ರುವರಿಯಲ್ಲಿ ತಂಗಿಯ ಮದುವೆ ಬೇರೆ.

ಪೇಟೆಯ ಪಾರ್ಲರ್ ಒಂದಕ್ಕೆ ಹೋದೆ. ಹೆಸರು ಬೇಡ. ಅಲ್ಲಿನಾಕೆ ನನ್ನ ಕೂದಲನ್ನು ಎರಡು ಬೆರಳಲ್ಲಿ ಎಳೆದು ನೋಡಿ, "ಮೇಡಂ, ಕೆರಾಟಿನ್ ಪೂರ್ತಿ ಹೋಗಿದೆ, ನಾವು ತುಂಬಿಸುತ್ತೇವೆ" ಎಂದರು, ಟ್ಯಾಂಕಿಗೆ ಪೆಟ್ರೋಲ್ ತುಂಬಿಸುವವರ ಧಾಟಿಯಲ್ಲಿ. ಕೆರಾಟಿನ್ ಎಂದರೆ ನಮ್ಮ ಕೂದಲು ರೂಪುಗೊಂಡಿರುವ ಪ್ರೋಟೀನ್. ಕೆರಾಟಿನ್ ಚಿಕಿತ್ಸೆಗೆ 7,000. ಅದರ ಫಲ ಉಳಿಯಬೇಕೆಂದರೆ ಅವರದೇ ಶಾಂಪೂ, ಮಾಸ್ಕ್, ಸೀರಂ: 4,350. ಮನೆಯಲ್ಲಿ ಬಳಸಲು ಸ್ಟ್ರೈಟ್ನರ್: 6,499. ಅಪ್ಪ ಟೊಮೆಟೊ ಬೆಳೆಯುವವರು, ಎಲ್ಲ ಲೆಕ್ಕವನ್ನೂ ಬಾಕ್ಸ್‌ಗಳಲ್ಲೇ ಹಾಕುತ್ತಾರೆ. ಆ ವಾರ ಮಂಡಿಯಲ್ಲಿ ಬಾಕ್ಸಿಗೆ ಮುನ್ನೂರು. "ಅರವತ್ತು ಬಾಕ್ಸ್ ತಲೆಗೆ ಸುರಿದುಕೊಂಡೆಯಲ್ಲಮ್ಮಾ" ಎಂದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಚಿಕಿತ್ಸೆಯ ದಿನ ಅವರು ಬಳಸಿದ್ದು ಚೀಟಿಯೇ ಇಲ್ಲದ ಬಿಳಿ ಬಾಟಲಿಯ ದ್ರವ. ಅದನ್ನು ಹಚ್ಚಿ ಕಾದ ಇಸ್ತ್ರಿ ಎಳೆದಾಗ ಎದ್ದ ಹೊಗೆಗೆ ಕಣ್ಣು ಉರಿದು ನೀರು ಸುರಿಯಿತು. "ಎಲ್ಲರಿಗೂ ಹಾಗೇ ಆಗುತ್ತದೆ" ಎಂದರು. ಇಂಥ ಎಷ್ಟೋ ದ್ರವಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ, ಅಥವಾ ಬಿಸಿ ತಾಗಿದಾಗ ಅದನ್ನು ಬಿಡುವ ರಾಸಾಯನಿಕ ಇರುತ್ತದೆ ಎಂಬುದು ನನಗೆ ಆಮೇಲೆ ತಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ಫಾರ್ಮಾಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ನನ್ನ ತಲೆಗೆ ಹಚ್ಚಿದ್ದು ಏನೆಂದು ಹೇಳಲಾರೆ. ಚೀಟಿಯಿದ್ದರೆ ತಾನೇ? ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಒಳಗೇನಿದೆ ಎಂಬ ಪಟ್ಟಿ ಕಾಣದಿದ್ದರೆ ಕುರ್ಚಿಯಿಂದ ಎದ್ದುಬಿಡಿ. ನಾನು ಸಂಕೋಚಪಟ್ಟು ಕೂತೆ.

ಎರಡು ವಾರ ಕೂದಲು ರೇಷ್ಮೆಯಂತೆ ಹೊಳೆಯಿತು, ನಿಜ. ಎಷ್ಟು ನುಣುಪೆಂದರೆ ಮುಡಿದ ಕನಕಾಂಬರ ಜಾರಿ ಬೆನ್ನ ಮೇಲೆ ಬೀಳುತ್ತಿತ್ತು. ಉದುರುವುದು ಮಾತ್ರ ನಿಲ್ಲಲಿಲ್ಲ.

ಮುಂದಿನ ತಪ್ಪು ನನ್ನದೇ. ಸ್ಟ್ರೈಟ್ನರ್‌ನ ಡಯಲ್‌ನಲ್ಲಿ 230 ಡಿಗ್ರಿಯವರೆಗೆ ಅಂಕಿಗಳಿದ್ದವು. "ಪೂರ್ತಿ ಬಿಸಿ ಇಟ್ಟು ಒಂದೇ ಸಲ ಎಳೆಯಿರಿ" ಎಂದು ಪಾರ್ಲರ್‌ನವರು ಹೇಳಿಕೊಟ್ಟಿದ್ದರು. ಬೆಳಿಗ್ಗೆ ಬಸ್ಸಿನ ಅವಸರ, ಅರೆಬರೆ ಒಣಗಿದ ತಲೆ. ಎಳೆದಾಗಲೆಲ್ಲ ಒಗ್ಗರಣೆಗೆ ಕರಿಬೇವು ಬಿದ್ದ ಹಾಗೆ ಚುಂಯ್ ಎನ್ನುತ್ತಿತ್ತು. ನೀರು ಕುದಿಯುವುದು 100 ಡಿಗ್ರಿಗೆ. ಒದ್ದೆ ಕೂದಲಿನ ಒಳಗಿನ ನೀರು ತಟ್ಟನೆ ಆವಿಯಾಗಿ ಎಳೆಯೊಳಗೇ ಗುಳ್ಳೆ ಏಳಿಸುತ್ತದೆ, ಅಲ್ಲಿಂದಲೇ ಅದು ಮುರಿಯುತ್ತದೆ. ಜನವರಿಯ ಹೊತ್ತಿಗೆ ನನಗೆ ಎರಡು ಬಗೆಯ ಕೂದಲು ಸಿಗುತ್ತಿತ್ತು: ಬುಡದಲ್ಲಿ ಬಿಳಿ ಚುಕ್ಕೆಯಿರುವ ಉದ್ದನೆಯವು ಉದುರಿದವು, ಬೆರಳುದ್ದದ ತುಂಡುಗಳು ಸುಟ್ಟು ಮುರಿದವು.

ಕೊನೆಗೆ ಅಮ್ಮ ಎಳೆದುಕೊಂಡು ಹೋದದ್ದು ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ. ವೈದ್ಯರು ಕೂದಲನ್ನು ಮುಟ್ಟುವ ಮೊದಲೇ ಕೇಳಿದರು: "ಉದುರಲು ಶುರುವಾಗುವ ಎರಡು ಮೂರು ತಿಂಗಳ ಹಿಂದೆ ಜ್ವರ ಬಂದಿತ್ತೇನಮ್ಮಾ?" ಜೋರು ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆಯಂಥ ಪೆಟ್ಟು ಬಿದ್ದಾಗ ಬಹಳಷ್ಟು ಕೂದಲು ಒಟ್ಟಿಗೆ ಬೆಳೆಯುವುದನ್ನು ನಿಲ್ಲಿಸಿ, ಎರಡು ಮೂರು ತಿಂಗಳ ಬಳಿಕ ಒಟ್ಟಿಗೇ ಉದುರುತ್ತವಂತೆ. ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ ರಕ್ತಹೀನತೆ, ಥೈರಾಯ್ಡ್ ನೋಡಬೇಕು. ನನ್ನ ಹಿಮೋಗ್ಲೋಬಿನ್ 9.6 ಇತ್ತು. ಕಬ್ಬಿಣಾಂಶದ ಮಾತ್ರೆ ಅಲ್ಲಿಯೇ ಪುಕ್ಕಟೆ ಸಿಕ್ಕಿತು. ಕೆರಾಟಿನ್ ವಿಷಯ ಕೇಳಿದ್ದಕ್ಕೆ ಅವರು ನಕ್ಕರು. ನೆತ್ತಿಯಿಂದ ಹೊರಬಂದ ಕೂದಲಿಗೆ ಜೀವವಿಲ್ಲ, ಹಚ್ಚಿದ್ದು ಹೊರಗೆ ಲೇಪವಾಗಿ ಕೂರಬಹುದೇ ಹೊರತು ಬುಡಕ್ಕೆ ಊಟವಾಗದು ಎಂದರು.

ಮನೆಗೆ ಬಂದು 1,450 ರೂಪಾಯಿಯ ಮಾಸ್ಕ್ ಡಬ್ಬಿಯನ್ನೂ ಅಮ್ಮನ 190 ರೂಪಾಯಿಯ ಕಂಡೀಷನರನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಈ ಪಟ್ಟಿಗಳಲ್ಲಿ ಹೆಚ್ಚು ಇರುವ ವಸ್ತು ಮೊದಲು ಬರುತ್ತದೆ. ಎರಡರಲ್ಲೂ ಮೊದಲು ನೀರು, ಆಮೇಲೆ ಅದೇ ಮೇಣದಂಥ ಕೊಬ್ಬಿನ ಆಲ್ಕೋಹಾಲ್, ನುಣುಪು ಕೊಡುವ ಅದೇ ಸಿಲಿಕೋನ್, ಡೈಮೆಥಿಕೋನ್. ಡಬ್ಬಿಯ ಮುಖದ ಮೇಲೆ ದಪ್ಪಕ್ಷರದಲ್ಲಿ ಮೆರೆಯುವ ಆರ್ಗನ್ ಎಣ್ಣೆ ಪಟ್ಟಿಯಲ್ಲಿ ಸುಗಂಧದಿಂದಲೂ ಕೆಳಗೆ.

ಒರಟುತನಕ್ಕೆ ನಮ್ಮೂರಿನ ನೀರೂ ಸಾಕಷ್ಟು ಕಾರಣ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ, ಆಳದ ಕೊಳವೆಬಾವಿಯ ಉಪ್ಪುನೀರು. ಬಕೆಟ್ಟಿನ ಅಂಚಿಗೆ, ಗೀಸರಿನ ಕಾಯಿಲಿಗೆ ಕಟ್ಟುವ ಬಿಳಿ ಪೊರೆಯೇ ಕೂದಲಿಗೂ ಹತ್ತುತ್ತದೆ. ಈಗ ಕೊನೆಯ ಎರಡು ಚೊಂಬಿಗೆ ಮಾತ್ರ ಶುದ್ಧ ನೀರಿನ ಘಟಕದ ಕ್ಯಾನಿನ ನೀರು ಬಳಸುತ್ತೇನೆ. ಸೀರಂಗಿಂತ ಅದೇ ಹೆಚ್ಚು ಕೆಲಸ ಮಾಡಿತು.

ಹಣ ವಾಪಸ್ ಕೇಳಲು ಹೋದೆ. "ಮುಚ್ಚಳ ತೆರೆದ ಬಾಟಲಿ ವಾಪಸ್ ತೆಗೆದುಕೊಳ್ಳುವುದಿಲ್ಲ" ಎಂದರು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡೋಣವೆಂದರೆ ನನ್ನ ಬಳಿ ಬಿಲ್ಲೇ ಇರಲಿಲ್ಲ. ಕೇಳಿರಲೂ ಇಲ್ಲ. ನೀವು ಕೇಳಿ, ಮುಖ ಸಿಂಡರಿಸಿದರೂ ಕೇಳಿ.

ದುಬಾರಿ ಉಪಕರಣವೆಲ್ಲ ಮೋಸವೆಂದು ಹೇಳಲಾರೆ. ಬಿಸಿಯನ್ನು ಬೇಕಾದಷ್ಟಕ್ಕೇ ಇಳಿಸಲು ಬರುವ ಸ್ಟ್ರೈಟ್ನರ್‌ಗೆ ನಾಲ್ಕು ಕಾಸು ಹೆಚ್ಚು ಕೊಡಬಹುದು, ಒಣಗಿದ ಕೂದಲ ಮೇಲೆ ಅಪರೂಪಕ್ಕೆ ಬಳಸುವುದಾದರೆ. ನನ್ನದು ಮೂರು ತಿಂಗಳು ಬೀರುವಿನ ಮೇಲೆ ಕೂತಿತ್ತು. ಮೊನ್ನೆ ಪಕ್ಕದ ಮನೆಯ ಹುಡುಗಿ ಕಾಲೇಜಿನ ಕಾರ್ಯಕ್ರಮಕ್ಕೆ ಕೇಳಿದಳು. ಡಯಲ್ 160ಕ್ಕಿಂತ ಮೇಲೆ ತಿರುಗದಂತೆ ಅಂಟುಪಟ್ಟಿ ಸುತ್ತಿ, ಅವಳ ತಲೆ ಮುಟ್ಟಿ ನೋಡಿ, ಇನ್ನೂ ಒದ್ದೆಯಿದ್ದುದರಿಂದ ಒಂದು ಗಂಟೆ ಬಿಟ್ಟು ಬರಲು ಹೇಳಿದೆ.