'ಬ್ಲಡಿ'ಯ ಬೇರು ತೋರಿಸಿದ ನಿಘಂಟು

ನಮ್ಮ ಹಳೆಯ ಸಿನಿಮಾಗಳ ಸಿರಿವಂತ ಅಪ್ಪಂದಿರ ಬಾಯಲ್ಲಿ 'ಬ್ಲಡಿ ಫೂಲ್' ಕೇಳುತ್ತಲೇ ಬೆಳೆದ ನನಗೆ ಆ ಬೈಗುಳದ ಮೂಲವನ್ನು ತಾಳ್ಮೆಯಿಂದ ತಿಳಿಸಿಕೊಟ್ಟದ್ದು, ಡಗ್ಲಾಸ್ ಹಾರ್ಪರ್ ಕಟ್ಟಿದ, ಜಾಲದಲ್ಲಿ ಉಚಿತವಾಗಿ ಸಿಗುವ ಎಟಿಮಾನ್‌ಲೈನ್ ಎಂಬ ಪದಮೂಲ ನಿಘಂಟು. ರಕ್ತಸಿಕ್ತ ಎಂಬ ಅರ್ಥದ ಈ ವಿಶೇಷಣವು 17ನೆಯ ಶತಮಾನದ ಉತ್ತರಾರ್ಧದ ಹೊತ್ತಿಗೆ ಬ್ರಿಟನ್ನಿನಲ್ಲಿ ಮಾತಿಗೆ ಬರೀ ಒತ್ತು ಕೊಡುವ ಪದವಾಗಿತ್ತೆಂದೂ, 'ಬ್ಲಡ್ಸ್' ಎನಿಸಿಕೊಂಡಿದ್ದ ಪುಂಡ ಶ್ರೀಮಂತ ತರುಣರ ಕುಡಿತಕ್ಕೂ ಇದಕ್ಕೂ ನಂಟಿರಬಹುದೆಂದೂ ಅದು ವಿವರಿಸುತ್ತದೆ. 'ಇರಬಹುದು' ಎನ್ನುವ ಆ ಎಚ್ಚರವೇ ನನಗೆ ಬಹಳ ಹಿಡಿಸಿತು. 'ಬೈ ಅವರ್ ಲೇಡಿ' ಎಂಬ ಮೇರಿ ಮಾತೆಯ ಆಣೆ ಸವೆದು ಹೀಗಾಯಿತೆಂಬ ಕಥೆ ಎಷ್ಟೇ ಸೊಗಸಾಗಿದ್ದರೂ ಅದಕ್ಕೆ ಆಧಾರ ಸಾಲದು. 1914ರಲ್ಲಿ ಬರ್ನಾರ್ಡ್ ಷಾ ನಾಟಕದ ನಾಯಕಿ ಲಂಡನ್ನಿನ ರಂಗದ ಮೇಲೆ ಈ ಪದ ನುಡಿದಾಗ ಊರೆಲ್ಲ ಗುಲ್ಲೆದ್ದಿತ್ತು. ಅನುವಾದಕರಿಗೂ ಶಿಕ್ಷಕರಿಗೂ ಈ ನಿಘಂಟನ್ನು ಮನಸಾರೆ ಶಿಫಾರಸು ಮಾಡುತ್ತೇನೆ.