ಕಾಳುಮೆಣಸಿನ ಕಂಟೇನರ್‌ಗೆ ಇ-ಸೀಲ್: ಆರು ವರ್ಷ ಬಳಸಿದ ಮೇಲೆ

ಶಿರಸಿಯ ನಮ್ಮ ಗೋದಾಮಿನಲ್ಲಿ ಕಾಳುಮೆಣಸು ತುಂಬಿ ಕಂಟೇನರ್ ಬಾಗಿಲು ಹಾಕಿದ ಮೇಲೆ ಕೊನೆಗೆ ಬೀಳುವುದು ಈ ಸೀಲ್. ಉಕ್ಕಿನ ಬೋಲ್ಟ್, ಅದು ಕೂರುವ ಪ್ಲಾಸ್ಟಿಕ್ ಹೊದಿಸಿದ ಬ್ಯಾರೆಲ್, ಒಳಗೆ ಆರ್‌ಎಫ್‌ಐಡಿ ಚಿಪ್, ಅಂದರೆ ರೇಡಿಯೊ ತರಂಗದಿಂದ ರೀಡರ್ ಓದುವ ಚಿಪ್. ಒಮ್ಮೆ 'ಟಕ್' ಅಂತ ಕೂತರೆ ಮುಗಿಯಿತು, ಕತ್ತರಿಸದೆ ತೆಗೆಯಲು ಬರುವುದಿಲ್ಲ. ಸ್ವಂತ ಜಾಗದಲ್ಲೇ ಸೀಲ್ ಮಾಡುವ ರಫ್ತುದಾರರಿಗೆ ಕಸ್ಟಮ್ಸ್ ಇದನ್ನು ತಂದದ್ದು 2017ರಲ್ಲಿ.

ಗಟ್ಟಿತನಕ್ಕೆ ಪೂರ್ತಿ ಅಂಕ. ಘಟ್ಟ ಇಳಿದು, ಹೊನ್ನಾವರ, ಭಟ್ಕಳ ದಾಟಿ ಪಣಂಬೂರು ಬಂದರಿಗೆ ಹೋಗುವಷ್ಟರಲ್ಲಿ ಗಾಡಿ ಎಲ್ಲೆಲ್ಲೋ ನಿಲ್ಲುತ್ತದೆ. ಒಂದು ಸಲವೂ ಸೀಲ್ ಅಲುಗಿಲ್ಲ. ಆದರೆ ಕೊಳ್ಳುವಾಗ ಐಎಸ್‌ಒ 17712 (ಕಂಟೇನರ್ ಸೀಲ್‌ಗಳ ಅಂತರರಾಷ್ಟ್ರೀಯ ಮಾನದಂಡ) ಮತ್ತು 'ಎಚ್' (ಹೈ ಸೆಕ್ಯುರಿಟಿ) ಗುರುತು ನೋಡಿಯೇ ಕೊಳ್ಳಿ. ನಮ್ಮ ಅಮೆರಿಕದ ಗಿರಾಕಿ ಮೊದಲು ಕೇಳುವುದೇ ಅದನ್ನು. ಪಾಪ, ಅವರಿಗೂ ಒತ್ತಡ ಇದೆ. ಮಾರಿದವರು ಯಾರು, ಕೊಂಡವರು ಯಾರು, ಮಾಲು ಯಾವ ದೇಶದ್ದು, ಇದೆಲ್ಲ ಕಂಟೇನರ್ ಹಡಗು ಏರುವುದಕ್ಕೆ 24 ಗಂಟೆ ಮೊದಲೇ ಅವರು ಅಲ್ಲಿನ ಕಸ್ಟಮ್ಸ್‌ಗೆ ಕೊಡಬೇಕು. ನಾವು ತಡ ಮಾಡಿದರೆ ದಂಡ ಬೀಳುವುದು ಅವರಿಗೆ.

ನನಗೆ ಪೆಟ್ಟು ಕೊಟ್ಟದ್ದು ಚಿಪ್. ಮೂರನೇ ವರ್ಷ ಸ್ವಲ್ಪ ಅಗ್ಗ ಅಂತ ಬೇರೆ ಕಡೆಯಿಂದ ಒಂದು ಬಾಕ್ಸ್ ತರಿಸಿದೆ. ಬಂದರಿನ ಗೇಟಿನಲ್ಲಿ ರೀಡರ್ ಹಿಡಿದರೆ ಚಿಪ್ ಓದಲೇ ಇಲ್ಲ. ಸೀಲ್ ಮುಟ್ಟಿದ ಗುರುತಿಲ್ಲ, ಕಾಗದ ಎಲ್ಲ ಸರಿ, ಆದರೂ ಕಂಟೇನರ್ ಬಿಚ್ಚಿಸಿ ಮಾಲು ತಪಾಸಣೆ ಮಾಡಿಸಬೇಕಾಯಿತು. ಹೊರಗೆ ಜೂನ್ ಮಳೆ, ಒಳಗೆ ಒಣ ಮೆಣಸು. ಅವತ್ತಿನ ಹೊಟ್ಟೆ ಉರಿ ಇನ್ನೂ ಆರಿಲ್ಲ. ಹಡಗೂ ತಪ್ಪಿತು. ಮಾರಿದವರು ಹೊಸ ಸೀಲ್ ಕೊಡ್ತೇವೆ ಅಂದರು, ಅಷ್ಟೇ.

ಇನ್ನೊಂದು ಕಿರಿಕಿರಿ ನೆಟ್‌ವರ್ಕ್. ಗಾಡಿ ಹೊರಡುವ ಮೊದಲೇ ಸೀಲ್ ನಂಬರ್, ಶಿಪ್ಪಿಂಗ್ ಬಿಲ್ (ರಫ್ತಿಗೆ ಕಸ್ಟಮ್ಸ್‌ಗೆ ಕೊಡುವ ಘೋಷಣೆ) ನಂಬರ್, ಕಂಟೇನರ್ ನಂಬರ್, ಲಾರಿ ನಂಬರ್, ಸೀಲ್ ಹಾಕಿದ ಸಮಯ ಎಲ್ಲ ಆನ್‌ಲೈನ್ ಹಾಕಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ನೆಟ್ಟೂ ಒಟ್ಟಿಗೇ ಹೋಗುತ್ತವೆ ಅಲ್ವಾ? ಹಾಗಾಗಿ ಬೇರೆ ಬೇರೆ ಕಂಪನಿಯ ಎರಡು ಸಿಮ್ ಇಟ್ಟುಕೊಂಡಿದ್ದೇನೆ.

ಈಗ ಮೊದಲಿನ ಸೀಲ್‌ಗೇ ವಾಪಸ್ ಬಂದಿದ್ದೇನೆ. ಬೆಲೆ ಜಾಸ್ತಿ, ಆದರೆ ಬೋಲ್ಟ್ ಮತ್ತು ಬ್ಯಾರೆಲ್ ಎರಡರ ಮೇಲೂ ನಂಬರ್ ಕೆತ್ತಿರುತ್ತದೆ, ಉಗುರಿನಿಂದ ಕೆರೆದರೂ ಅಳಿಸುವುದಿಲ್ಲ. ಹಾಕಿದ ಮೇಲೆ ನಮ್ಮ ಹಮಾಲಿ ಅಣ್ಣ ಅದನ್ನು ಜಗ್ಗಿ, ತಿರುಚಿ ನೋಡುತ್ತಾನೆ. ನಾನು ಎರಡೂ ನಂಬರ್ ಜೋರಾಗಿ ಓದುತ್ತೇನೆ, ಡ್ರೈವರ್ ಕಾಗದ ನೋಡಿ "ಹೌದ್ರಿ" ಅಂದ ಮೇಲೇ ಫೋಟೋ ತೆಗೆದು ಗಾಡಿ ಬಿಡುವುದು.