ಫೋನ್ ಲೈನ್ ಇಲ್ಲದೆ ಬರೀ ನೆಟ್: ಮೂಡಿಗೆರೆ ತೋಟದ ಮನೆಯಲ್ಲಿ ಮೂರು ವರ್ಷ

ನಮ್ಮ ಮನೆ ಮೂಡಿಗೆರೆ ಪೇಟೆಯಿಂದ ಒಂಬತ್ತು ಕಿಲೋಮೀಟರ್ ಒಳಗೆ, ಕಾಫಿ ತೋಟದ ನಡುವೆ ಇದೆ. ಮನೆಯೊಳಗೆ ಮೊಬೈಲ್ ಸಿಗ್ನಲ್ ಇಲ್ಲ. ಗೇಟಿನ ಹತ್ತಿರ ಹೋದರೆ ಒಂದು ಕಡ್ಡಿ ಬರುತ್ತದೆ, ಜೋರು ಮಳೆ ಹಿಡಿದರೆ ಅದೂ ಇಲ್ಲ. ಮೂರು ವರ್ಷದಿಂದ ಫೈಬರ್ ನೆಟ್ ಬಳಸುತ್ತಿದ್ದೇನೆ, ಲ್ಯಾಂಡ್‌ಲೈನ್ ಪ್ಲಾನ್ ಇಲ್ಲದೆ. "ಫೋನ್ ತಗೊಳ್ಳದೆ ನೆಟ್ ಒಂದೇ ಕೊಡ್ತಾರಾ?" ಅಂತ ನಮ್ಮ ಕಡೆ ಈಗಲೂ ಕೇಳುತ್ತಾರೆ. ಕೊಡುತ್ತಾರೆ. ಕೇಳಿದವರಿಗೆಲ್ಲ ಬಾಯಲ್ಲಿ ಹೇಳಿ ಮುಗಿಯದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಳೇ ಬ್ರಾಡ್‌ಬ್ಯಾಂಡ್ ಬರುತ್ತಿದ್ದದ್ದು ಫೋನಿನ ತಾಮ್ರದ ತಂತಿಯಲ್ಲೇ. ಗೋಡೆಯಲ್ಲಿ ಸ್ಪ್ಲಿಟರ್ ಅನ್ನೋ ಪುಟ್ಟ ಡಬ್ಬಿ, ಅದರಿಂದ ಒಂದು ವೈರ್ ಫೋನಿಗೆ, ಇನ್ನೊಂದು ಮೋಡೆಮ್‌ಗೆ. ಹಾಗಾಗಿ ಫೋನ್ ನಂಬರ್ ಇದ್ದರೇ ನೆಟ್ ಅಂತ ಎಲ್ಲರ ತಲೆಯಲ್ಲಿ ಕೂತುಬಿಟ್ಟಿದೆ. ಫೈಬರ್‌ಗೆ ಆ ಹಂಗಿಲ್ಲ. ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆ, ಫೋನ್ ಕರೆಯೂ ಅದರಲ್ಲಿ ಡೇಟಾ ಆಗಿಯೇ ಹೋಗುತ್ತದೆ. ನಮ್ಮ ಮನೆಯಲ್ಲಿ ಫೈಬರ್ ಬಂದು ಸೇರುವ ಡಬ್ಬಿಯ ಹಿಂದೆ ಫೋನ್ ಸಿಕ್ಕಿಸುವ ಒಂದು ಪೋರ್ಟ್ ಇದೆ. ಮೂರು ವರ್ಷದಿಂದ ಖಾಲಿಯೇ ಇದೆ.

ಆದರೂ ಕನೆಕ್ಷನ್ ಕೊಡಲು ಬಂದವರು "ವಾಯ್ಸ್ ಪ್ಯಾಕ್ ಹಾಕಲೇಬೇಕು ಮೇಡಂ" ಅಂದರು, ಅಂದರೆ ಫೋನ್ ಕರೆಯ ಪ್ಲಾನ್. ಬೇಡ ಅಂದೆ. ಮೊದಲ ಬಿಲ್‌ನಲ್ಲಿ 499ರ ಪ್ಲಾನ್ ಜೊತೆಗೆ ಆ ಪ್ಯಾಕಿನ 100 ರೂಪಾಯಿಯೂ ಸೇರಿತ್ತು, ಅದರ ಮೇಲೆ ಶೇ. 18 ಜಿಎಸ್‌ಟಿ. ಎರಡು ತಿಂಗಳು, ತಿಂಗಳಿಗೆ 118 ರೂಪಾಯಿ ಸುಮ್ನೆ ಹೋಯಿತು. ಫೋನಿನಲ್ಲಿ ಎಷ್ಟು ಹೇಳಿದರೂ ಆಗಲಿಲ್ಲ, ಬಿಲ್‌ನ ಫೋಟೋ ಹಾಕಿ ಇಮೇಲ್ ಮಾಡಿದ ಮೇಲೆ ತೆಗೆದರು. ಈಗ ತಿಂಗಳಿಗೆ 589. ಕೆಲವು ಪ್ಲಾನ್‌ಗಳಲ್ಲಿ ಕರೆ ಫ್ರೀ ಆಗಿಯೇ ಬರುತ್ತದೆ, ಅದಕ್ಕೆ ತಕರಾರಿಲ್ಲ. ದುಡ್ಡು ತಗೊಂಡರೆ ಮಾತ್ರ ಕೇಳಿ. ಮೊದಲ ಬಿಲ್ ಒಂದೊಂದು ಸಾಲೂ ಓದಿ.

ಹಾಗಾದರೆ ಮಾತಾಡುವುದು ಹೇಗೆ? ವೈಫೈ ಕಾಲಿಂಗ್. ಮೊಬೈಲ್ ಸೆಟ್ಟಿಂಗ್‌ನಲ್ಲಿ ಒಂದು ಸ್ವಿಚ್ ಆನ್ ಮಾಡಿದರೆ, ಸಿಗ್ನಲ್ ಇಲ್ಲದ ಮನೆಯಲ್ಲೂ ನಮ್ಮದೇ ನಂಬರಿಗೆ ಕರೆ ಬರುತ್ತದೆ. ಬೇರೆ ಆ್ಯಪ್ ಬೇಡ, ಮಾಮೂಲಿ ರೀಚಾರ್ಜ್ ಸಾಕು. ನಮ್ಮಲ್ಲಿ ಬ್ಯಾಂಕಿನ ಒಟಿಪಿಯೂ ಬರುತ್ತದೆ. ಮೊದಲು ಒಟಿಪಿಗಾಗಿ ಕೊಡೆ ಹಿಡಿದು ಗೇಟಿಗೆ ಓಡುತ್ತಿದ್ದೆವು, ಅಲ್ವಾ, ತೋಟದ ಮನೆಯವರಿಗೆಲ್ಲ ಗೊತ್ತಿರುವ ಪಾಡು. ಒಂದು ಕೊರತೆ ಇದೆ. ಮಾತಾಡುತ್ತಾ ಕಣದ ಆಚೆ ಹೋದರೆ ಕರೆ ಕಟ್ ಆಗುತ್ತದೆ.

ಲ್ಯಾಂಡ್‌ಲೈನ್ ಬಿಟ್ಟಾಗ ನಾನು ಯೋಚಿಸದೇ ಇದ್ದದ್ದು ಕರೆಂಟಿನ ವಿಷಯ. ಹಳೇ ಫೋನಿಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ ಬರುತ್ತಿತ್ತು. ಎರಡು ದಿನ ಕರೆಂಟ್ ಇಲ್ಲದಿದ್ದರೂ ಅದು ರಿಂಗ್ ಆಗುತ್ತಿತ್ತು. ಫೈಬರ್ ಡಬ್ಬಿ ಹಾಗಲ್ಲ. ಮೊದಲ ಪುಷ್ಯ ಮಳೆಯಲ್ಲಿ ಕರೆಂಟ್ ಹೋಯಿತು, ನೆಟ್ ಹೋಯಿತು, ಜೊತೆಗೆ ಫೋನೂ ಹೋಯಿತು. ಅತ್ತೆಗೆ ಅವತ್ತು ಎದೆ ಬಿಗಿದಂತೆ ಆಗಿತ್ತು, ಡಾಕ್ಟರಿಗೆ ಫೋನ್ ಮಾಡಲು ನನ್ನ ಗಂಡ ರಾತ್ರಿ ಹತ್ತು ಗಂಟೆಗೆ ಗೇಟಿಗೆ ಹೋಗಬೇಕಾಯಿತು. ಅತ್ತೆ ಹುಷಾರಾದರು. ಮರುದಿನವೇ 12 ವೋಲ್ಟಿನ ರೂಟರ್ ಯುಪಿಎಸ್ ತರಿಸಿದೆ. ಹೊಸದರಲ್ಲಿ ನಾಲ್ಕು ಗಂಟೆ ಬರುತ್ತಿತ್ತು, ಈಗ ಎರಡೂವರೆ. ವಯಸ್ಸಾದವರು ಇರುವ ಮನೆಯಲ್ಲಿ ಇದನ್ನು ಮೊದಲ ದಿನವೇ ತನ್ನಿ, ಆಮೇಲೆ ನೋಡೋಣ ಅನ್ನಬೇಡಿ.

ಸ್ಪೀಡ್ ಬಗ್ಗೆ ದೂರಿಲ್ಲ. ನನ್ನ ಆಫೀಸ್ ಮೀಟಿಂಗ್, ಮಗಳ ಕ್ಲಾಸ್ ಎರಡೂ ಒಟ್ಟಿಗೆ ನಡೆಯುತ್ತವೆ.

ತೊಂದರೆ ಬರುವುದು ಮರದಿಂದ. ರಸ್ತೆಯ ಕಂಬದಿಂದ ಮನೆಗೆ 420 ಮೀಟರ್ ಕೇಬಲ್, ಅದೂ ಸಿಲ್ವರ್ ಮರಗಳ ಮೇಲೆ. ಕೊಂಬೆ ಬಿದ್ದರೆ ಡಬ್ಬಿಯಲ್ಲಿ ಎಲ್ಒಎಸ್ ಅನ್ನೋ ದೀಪ ಕೆಂಪಾಗುತ್ತದೆ, ಅಂದರೆ ಬೆಳಕು ಬರುತ್ತಿಲ್ಲ ಅಂತ. ಮೂರು ಮಳೆಗಾಲದಲ್ಲಿ ಐದು ಸಲ ತುಂಡಾಗಿದೆ. ಎರಡನೇ ಸಲ ಬಂದವರು ಕೈಯಲ್ಲೇ ಕನೆಕ್ಟರ್ ಹಾಕಿ ಜೋಡಿಸಿ ಹೋದರು. ಕೆಂಪು ದೀಪ ಆರಿತು, ಆದರೆ ದಿನಕ್ಕೆ ನಾಲ್ಕು ಸಲ ನೆಟ್ ಬಿಟ್ಟುಬಿಟ್ಟು ಬರುತ್ತಿತ್ತು. ನಮ್ಮ ರೂಟಿನ ಲೈನ್ ನೋಡಿಕೊಳ್ಳುವ ಹುಡುಗ ಬಂದು ಎಳೆಯಲ್ಲಿ ಬರುವ ಬೆಳಕು ಅಳೆಯುವ ಮೀಟರ್ ಹಿಡಿದು ತೋರಿಸಿದ: "ನೋಡಿ ಅಕ್ಕಾ, ಮೈನಸ್ 28. ಹಾಕಿದಾಗ 21 ಇತ್ತು." ಮೈನಸ್ 27 ದಾಟಿದರೆ ಬೆಳಕು ಸಾಲದು ಅಂದ. ಜಗಲಿಯಲ್ಲಿ ಕೂತು, ಎಳೆಯನ್ನು ಒರೆಸಿ, ಕತ್ತರಿಸಿ, ಸ್ಪ್ಲೈಸಿಂಗ್ ಮೆಷಿನ್‌ನಲ್ಲಿ ಇಟ್ಟು ಬೆಸೆದ. ಬೀರುವಿನ ಹಿಂದೆ ಚೂಪಾಗಿ ಮಡಚಿದ್ದ ಕೇಬಲನ್ನೂ ದೊಡ್ಡ ಸುತ್ತಾಗಿ ಬಿಡಿಸಿದ. ಮೈನಸ್ 22ಕ್ಕೆ ಬಂತು. ಆಮೇಲೆ ಆ ತೊಂದರೆ ಇಲ್ಲ. ರಿಪೇರಿಗೆ ಯಾರು ಬಂದರೂ ಹೋಗುವ ಮುಂಚೆ ಮೀಟರ್ ರೀಡಿಂಗ್ ಕೇಳಿ ಬರೆದಿಟ್ಟುಕೊಳ್ಳುತ್ತೇನೆ.

2023ರಲ್ಲಿ ಬಂದ ಏರ್‌ಫೈಬರ್ ಚಿಕ್ಕಮಗಳೂರಿನ ನನ್ನ ತಂಗಿ ಮನೆಯಲ್ಲಿದೆ, ಕೇಬಲ್ ತಾಪತ್ರಯವೇ ಇಲ್ಲ. ಅದಕ್ಕೆ 5ಜಿ ಸಿಗ್ನಲ್ ಬೇಕು, ನಮ್ಮ ತೋಟಕ್ಕೆ ಆಗದ ಮಾತು.

ಮೊನ್ನೆ ಮತ್ತೆ ದುಡ್ಡು ಕಟ್ಟಿದೆ. ವರ್ಷಕ್ಕೆ ಕಟ್ಟಿದರೆ ಒಂದು ತಿಂಗಳು ಫ್ರೀ ಅಂದರು, ನಾನು ಆರು ತಿಂಗಳಿಗೆ ಮಾತ್ರ ಕಟ್ಟಿದೆ. ಆ ಹುಡುಗ ಬೇರೆ ರೂಟಿಗೆ ಹೋಗುತ್ತಾನೆ ಅನ್ನೋ ಸುದ್ದಿ ಇದೆ. ಅವನ ಜಾಗಕ್ಕೆ ಬರುವವರ ಹತ್ತಿರ ಸ್ಪ್ಲೈಸಿಂಗ್ ಮೆಷಿನ್ ಇದೆಯೋ ಇಲ್ಲವೋ ನೋಡಿಕೊಂಡು ಮುಂದಿನದು ಕಟ್ಟುತ್ತೇನೆ.